ಸಾರವಾಡದಾಕಿಯ ಹೆಸರು ಹಸಿರಾದ ಬಗೆ

ಗಂಡನ ಮನೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ ಎಂದು ತರಬೇತಿಯ ದಿನ ಹೇಳಿದಾಗ ಅಲ್ಲಿದ್ದ ಹೆಂಗಸರೆಲ್ಲ ನಕ್ಕುಬಿಟ್ಟೆವು. ಹೇಳಿದವರು ತಮಾಷೆಗೆ ಹೇಳಿರಲಿಲ್ಲ. ಮತದಾರರ ಪಟ್ಟಿಯ ಪರಿಷ್ಕರಣೆ ಶುರುವಾಗಿತ್ತು. ಈಗಿನ ಪಟ್ಟಿಯಲ್ಲಿರುವ ಪ್ರತಿಯೊಬ್ಬರನ್ನೂ ಇಪ್ಪತ್ತು ವರ್ಷಕ್ಕೂ ಹಿಂದಿನ ಹಳೇ ಪಟ್ಟಿಗೆ ಜೋಡಿಸಬೇಕಿತ್ತು. ಹಳೇ ಪಟ್ಟಿಯಲ್ಲಿ ಅವರ ಹೆಸರೇ ಇದ್ದರೆ ಸರಿ, ಇಲ್ಲದಿದ್ದರೆ ತಂದೆಯದೋ ತಾಯಿಯದೋ ಹೆಸರು ತೋರಿಸಬೇಕು. ಗಂಡ, ಅತ್ತೆ, ಮಾವ ಯಾರೂ ಲೆಕ್ಕಕ್ಕಿಲ್ಲ. ಜೋಡಣೆಯಾದರೆ ನಮ್ಮ ಮೊಬೈಲಿನಲ್ಲಿ ಆ ಹೆಸರು ಹಸಿರಾಗುತ್ತದೆ, ಆಗದಿದ್ದರೆ ಕೆಂಪು. ಕೆಂಪಾಗಿ ಉಳಿದವರಿಗೆ ನೋಟಿಸು, ಆಮೇಲೆ ವಿಚಾರಣೆ. ಅಲ್ಲಿಯೂ ಏನೂ ತೋರಿಸಲಾಗದಿದ್ದರೆ ಹೆಸರು ಹೋಯಿತು ಎಂದೇ ಅರ್ಥ.

ನಾನು ಘೋಣಸಗಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆ ವಿಜಯಪುರದಲ್ಲಿ. ಬೆಳಿಗ್ಗೆ ಟಿಕೋಟಾವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಊರಿನ ಒಂದು ಮತಗಟ್ಟೆಯ ಪಟ್ಟಿ ನನ್ನ ತಲೆಗೆ ಕಟ್ಟಿದ್ದರು. ಶಾಲೆ ಬಿಟ್ಟ ಮೇಲೆ ಓಣಿ ಓಣಿ ತಿರುಗುವುದು, ಭಾನುವಾರವೂ ಅದೇ. ಘೋಣಸಗಿಯ ಹಳೇ ಪಟ್ಟಿಯನ್ನು ಕಚೇರಿಯವರೇ ಮುದ್ರಿಸಿ ಕೊಟ್ಟಿದ್ದರಿಂದ ಗಂಡಸರದು ಒಂದು ವಾರದಲ್ಲಿ ಮುಗಿಯಿತು. ಹುಟ್ಟಿದ ಊರು, ಇರುವ ಊರು ಒಂದೇ ಆದ್ದರಿಂದ ಅಪ್ಪನ ಹೆಸರು ಅದೇ ಮನೆ ನಂಬರಿನಲ್ಲಿ ಕೂತಿರುತ್ತಿತ್ತು. ಆ ಊರಿಗೆ ಸೊಸೆಯರಾಗಿ ಬಂದವರ ಹೆಸರುಗಳು ಮಾತ್ರ ಒಂದರ ಕೆಳಗೊಂದು ಕೆಂಪಗೆ ಉಳಿದವು.

ಮೊದಲ ತಾಪತ್ರಯ ಹೆಸರಿನದೇ. ಒಂದು ಮನೆಯ ಮುಂದೆ ನಿಂತು ಸುಜಾತಾ ಯಾರು ಎಂದು ಕೇಳಿದೆ. ಕಟ್ಟೆಯ ಮೇಲೆ ಕೂತಿದ್ದ ಅತ್ತೆ, ಸುಜಾತಾ ಅನ್ನುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ, ಪಟ್ಟಿಯಲ್ಲಿ ತಪ್ಪಾಗಿರಬೇಕು, ತೆಗೆದು ಹಾಕಿರಿ ಎಂದಳು. ನಾನು ಪೆನ್ನು ತೆಗೆಯುವಷ್ಟರಲ್ಲಿ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ನಿಂತು ಒಂದು ದನಿ ಬಂತು: "ಅತ್ತೀ, ಅದು ನಾನ." ಹತ್ತು ಹದಿನೈದು ವರ್ಷದಿಂದ ಒಂದೇ ಒಲೆಯ ಮುಂದೆ ಕೂತವರು! ಅತ್ತೆಗೆ ನಾಚಿಕೆಯೇನೂ ಆಗಲಿಲ್ಲ. ನಾವು ಆಕೆಯನ್ನು ಬಬಲೇಶ್ವರದಾಕಿ ಅಂತ ಕರೆಯುವುದು, ಸುಜಾತಾ ಪಜಾತಾ ಯಾರಿಗೆ ಗೊತ್ತು ಎಂದು ನನಗೇ ಗದರಿದಳು.

ನಮ್ಮ ಕಡೆ ಸೊಸೆಯನ್ನು ಅವಳ ತವರಿನ ಊರಿನಿಂದ ಕರೆಯುತ್ತಾರೆ. ತೊರವಿಯಿಂದ ಬಂದವಳು ತೊರವಿಯಾಕಿ, ಬಬಲೇಶ್ವರದಿಂದ ಬಂದವಳು ಬಬಲೇಶ್ವರದಾಕಿ. ಅದು ಸಾಲದೆಂದು ಮದುವೆಯ ದಿನ ಹೆಸರನ್ನೂ ಬದಲಿಸುತ್ತಾರೆ. ನನ್ನ ಮದುವೆಯಲ್ಲೂ ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ನನ್ನ ಹೊಸ ಹೆಸರು ಬರೆಸಿದ್ದರು. ಫೋಟೊದಲ್ಲಿ ನಾನು ಹಲ್ಲು ಕಿರಿದು ನಿಂತಿದ್ದೇನೆ. ಸುಜಾತಾ ಕೂಡ ತವರಿನ ಹಳೇ ಪಟ್ಟಿಯಲ್ಲಿ ಕಸ್ತೂರಿಯಾಗಿದ್ದಳು. ಹೀಗೆ ಒಬ್ಬೊಬ್ಬಳಿಗೆ ಎರಡೆರಡು ಹೆಸರು, ಮೇಲೊಂದು ಕರೆಯುವ ಹೆಸರು. ಇಷ್ಟು ತಿಳಿದ ಮೇಲೆ ನಾನು ಪಟ್ಟಿಯ ಅಂಚಿನಲ್ಲಿ ಪ್ರತಿ ಸೊಸೆಯ ಕರೆಯುವ ಹೆಸರನ್ನು ಪೆನ್ಸಿಲಿನಿಂದ ಬರೆಯತೊಡಗಿದೆ. ಹೆಂಗಸರು ದ್ರಾಕ್ಷಿ ತೋಟಕ್ಕೆ ಹೋಗಿದ್ದರೂ ಓಣಿಯ ಮುದುಕಿಯರನ್ನು ಕೇಳಿದರೆ ಸಾಕು, ಯಾವ ಊರಿನ ಪಟ್ಟಿಯಲ್ಲಿ ಹುಡುಕಬೇಕೆಂದು ಗೊತ್ತಾಗುತ್ತಿತ್ತು. ಕಚೇರಿಯ ಯಾರಿಗೂ ಹೊಳೆಯದ ಉಪಾಯ ನನಗೆ ಹೊಳೆಯಿತೆಂದು ಆ ವಾರವೆಲ್ಲ ಬಹಳ ಬೀಗಿದೆ.

ಊರು ಗೊತ್ತಾದರೂ ಪಟ್ಟಿ ಸಿಗುತ್ತಿರಲಿಲ್ಲ. ಬೇರೆ ಊರುಗಳ ಹಳೇ ಪಟ್ಟಿಗಳು ಮೊಬೈಲಿನಲ್ಲಿ ಬರೀ ಕಾಗದದ ಚಿತ್ರಗಳು. ಹೆಸರು ಬರೆದು ಹುಡುಕಲು ಬರುವುದಿಲ್ಲ. ಮೊದಲು ವಿಧಾನಸಭಾ ಕ್ಷೇತ್ರ, ಆಮೇಲೆ ಭಾಗದ ಸಂಖ್ಯೆ ಆರಿಸಬೇಕು, ಆಮೇಲೆ ಪುಟ ಪುಟವನ್ನೂ ಕಣ್ಣಿನಿಂದ ಓದಬೇಕು. ನಾನು ಬಬಲೇಶ್ವರ ಕ್ಷೇತ್ರವನ್ನು ಆರಿಸುತ್ತಿದ್ದೆ, ಅದು ಏನೂ ಇಲ್ಲ ಎನ್ನುತ್ತಿತ್ತು. ಎರಡು ದಿನ ಹೀಗೇ ಹಾಳಾದವು. ಕೊನೆಗೆ ಯಾರೋ ಹೇಳಿದರೆಂದು ವಿಜಯಪುರದಲ್ಲೇ ಇರುವ ಒಬ್ಬ ನಿವೃತ್ತ ಗುಮಾಸ್ತರ ಮನೆಗೆ ಹೋದೆ. ಅವರು ಇಡೀ ಸೇವೆಯನ್ನು ಚುನಾವಣೆ ಕೆಲಸದಲ್ಲೇ ಕಳೆದವರು, ಮತಪೆಟ್ಟಿಗೆಯ ಕಾಲದಿಂದ ಯಂತ್ರದ ಕಾಲದವರೆಗೆ.

ಅವರು ನನ್ನ ಮೊಬೈಲು ನೋಡಿ ನಕ್ಕರು. "ನೋಡವಾ ತಂಗಿ, ಸೊಸಿಗಿ ಹೆಸರು ತಿರುವಿದಾಂಗ ಕ್ಷೇತ್ರಕ್ಕೂ ತಿರುವ್ಯಾರ. ಆವಾಗ ಬಬಲೇಶ್ವರ ಅನ್ನೂ ಕ್ಷೇತ್ರ ಎಲ್ಲಿತ್ತು? ಇದು ಟಿಕೋಟಾ. ತವರು ಹೆಸರಲೆ ಹುಡುಕು, ಸಿಗತೈತಿ."

ಒಳಗಿನಿಂದ ರಟ್ಟು ಹಾಕಿದ ನಾಲ್ಕು ನೋಟುಪುಸ್ತಕ ತಂದರು. ನಮ್ಮ ಲೋಕಸಭಾ ಕ್ಷೇತ್ರದ ಚರಿತ್ರೆ ಎಂದರೆ ನಾನು ಗೆದ್ದವರ, ಸೋತವರ ಯಾದಿ ಎಂದುಕೊಂಡಿದ್ದೆ. ಅವರ ಪುಸ್ತಕದಲ್ಲಿ ಒಬ್ಬ ಅಭ್ಯರ್ಥಿಯ ಹೆಸರೂ ಇರಲಿಲ್ಲ. ಪ್ರತಿ ಚುನಾವಣೆಗೆ ಯಾವ ಊರು ಯಾವ ಶಾಲೆಯಲ್ಲಿ ಮತ ಹಾಕಿತು, ಭಾಗದ ಸಂಖ್ಯೆ ಏನು, ಗಡಿ ಬದಲಾದಾಗ ಯಾವ ಊರು ಆಚೆ ಹೋಯಿತು, ಯಾವುದು ಈಚೆ ಬಂತು ಎನ್ನುವುದಷ್ಟೇ. ಟಿಕೋಟಾ ಎಂಬ ವಿಧಾನಸಭಾ ಕ್ಷೇತ್ರ ಅಳಿಸಿ ಬಬಲೇಶ್ವರವಾದದ್ದು, ಲೋಕಸಭಾ ಕ್ಷೇತ್ರ ಮೀಸಲಾದದ್ದು, ಊರು ವಿಜಯಪುರವಾದರೂ ಆ ಕ್ಷೇತ್ರ ಕಾಗದದಲ್ಲಿ ಇನ್ನೂ ಬಿಜಾಪುರವಾಗಿಯೇ ಇರುವುದು, ಎಲ್ಲ ದುಂಡಗಿನ ಅಕ್ಷರದಲ್ಲಿತ್ತು. ಗೆದ್ದವರ ಹೆಸರು ಯಾಕೆ ಬರೆದಿಲ್ಲ ಎಂದು ಕೇಳಿದೆ. ಅವನ್ನು ಎಲ್ಲರೂ ಬರೆದಿಟ್ಟಿದ್ದಾರೆ, ಮತ ಹಾಕಿದವರದನ್ನು ಯಾರು ಬರೆದಿದ್ದಾರೆ ಎಂದು ಕೇಳಿದರು. ನನಗೆ ಬೇಕಾದ ಊರುಗಳ ಹಳೇ ಭಾಗ ಸಂಖ್ಯೆಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದರು. ನಾನು ಬರೆದುಕೊಂಡು, ಚಹಾ ಕುಡಿದು ಬಂದೆ.

ಅಲ್ಲಿಂದ ಕೆಲಸ ಓಡಿತು. ದಿನಕ್ಕೆ ಐದಾರು ಹೆಸರು ಹಸಿರಾದವು. ಕೊನೆಗೆ ಉಳಿದವಳು ಒಬ್ಬಳು, ಎಲ್ಲರೂ ಸಾರವಾಡದಾಕಿ ಎಂದು ಕರೆಯುವವಳು.

ಬೌದ್ಧರ ಓಣಿಯ ಕೊನೆಯ ಮನೆ ಅವಳದು. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಮಕ್ಕಳ ಶಾಲೆಯ ಚೀಲಗಳು. ಗಂಡ ಟ್ರ್ಯಾಕ್ಟರ್ ಚಾಲಕ, ಅವಳು ದ್ರಾಕ್ಷಿ ತೋಟದಲ್ಲಿ ಕೂಲಿ. ಆಗ ಬಳ್ಳಿಯ ಚಾಟ್ನಿ ನಡೆದಿತ್ತು. ಬೆಳಕು ಹರಿಯುವ ಮೊದಲೇ ಕತ್ತರಿ ಹಿಡಿದು ಟೆಂಪೋ ಹತ್ತಿದರೆ ಬಳ್ಳಿ ಕತ್ತರಿಸಿ ಬರುವುದು ಸಂಜೆಗೇ. ಹಳೇ ಪಟ್ಟಿ ತಯಾರಾದಾಗ ಅವಳಿಗೆ ಹದಿನೆಂಟು ತುಂಬಿರಲಿಲ್ಲ. ಹಾಗಾಗಿ ತಂದೆ ಅಥವಾ ತಾಯಿಯೇ ಬೇಕಿತ್ತು. ತಾಯಿ ಸತ್ತು ಬಹಳ ವರ್ಷವಾಗಿದೆ, ಹೆಸರು ಶಾಂತಾಬಾಯಿ, ಊರಲ್ಲಿ ಎಲ್ಲರೂ ಅಕ್ಕವ್ವ ಎನ್ನುತ್ತಿದ್ದರು, ಸಾರವಾಡದಲ್ಲೇ ಮತ ಹಾಕುತ್ತಿದ್ದಳು ಎಂದು ಹೇಳಿದಳು. ಓಟಿನ ದಿನ ಇದ್ದ ಒಂದೇ ಇಳಕಲ್ ಸೀರೆ ಉಟ್ಟು ಹೋಗುತ್ತಿದ್ದಳಂತೆ. ತಂದೆಯ ಮಾತು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಹೆಸರು ಹೋದವರಿಗೆ ರೇಷನ್ನೂ ಹೋಗುತ್ತದೆ, ಊರಲ್ಲಿ ಇರಲೂ ಬಿಡುವುದಿಲ್ಲ ಎಂದು ಯಾರೋ ಪುಣ್ಯಾತ್ಮರು ಓಣಿಯಲ್ಲಿ ಹಬ್ಬಿಸಿದ್ದರು. ಹಾಗೇನೂ ಇಲ್ಲ ಎಂದು ನಾನು ಹೇಳಿದೆ. ಅವಳು ನಂಬಿದಂತೆ ಕಾಣಲಿಲ್ಲ. ತಾಯಿಯ ಹೆಸರಿನ ಕಾಲಂ ನಾನೇ ತುಂಬುತ್ತೇನೆ ಎಂದು ಖಾಲಿ ಬಿಟ್ಟು ಅರ್ಜಿಗೆ ಸಹಿ ಮಾಡಿಸಿಕೊಂಡು ಬಂದೆ.

ಸಾರವಾಡದ ಹಳೇ ಪಟ್ಟಿಯನ್ನು ಮೊದಲ ಹೆಸರಿನಿಂದ ಕೊನೆಯ ಹೆಸರಿನವರೆಗೆ ಓದಿದೆ. ಶಾಂತಾಬಾಯಿಯರು ಸಿಕ್ಕರು, ವಯಸ್ಸು ಹೊಂದಲಿಲ್ಲ. ಅಕ್ಕವ್ವರೂ ಸಿಕ್ಕರು, ಅವರದೂ ಹೊಂದಲಿಲ್ಲ. ಮತ್ತೆ ಓದಿದೆ. ಬಸ್ಸಿನಲ್ಲಿ ಓದಿದೆ, ಮಧ್ಯಾಹ್ನ ಬುತ್ತಿ ಉಣ್ಣುತ್ತ ಓದಿದೆ, ಮಕ್ಕಳಿಗೆ ಲೆಕ್ಕ ಕೊಟ್ಟು ಕುರ್ಚಿಯಲ್ಲಿ ಕೂತು ಓದಿದೆ. ಕಣ್ಣಿಗೆ ಕತ್ತಲೆ ಬರುವುದೊಂದು ಬಾಕಿ. ಈ ನಡುವೆ ಮೇಲ್ವಿಚಾರಕರು ದಿನಕ್ಕೆ ಮೂರು ಸಲ ಫೋನು ಮಾಡುತ್ತಿದ್ದರು. ಎಲ್ಲರದೂ ಮುಗಿದಿದೆ ಮೇಡಂ, ನಿಮ್ಮದೊಂದೇ ಒಂದು ಕೆಂಪು ಕಾಣುತ್ತಿದೆ, ನಾಳೆ ಸಂಜೆ ಮುಚ್ಚುತ್ತದೆ, ಕಾರಣ ಕೇಳಿ ನೋಟಿಸು ಬಂದರೆ ನಾನು ಜವಾಬ್ದಾರನಲ್ಲ ಎಂದರು.

ಅವಳ ಬಳಿ ಏನೇನು ಕಾಗದ ಇವೆಯೋ ಎಲ್ಲ ತೆಗೆ ಎಂದು ಮತ್ತೆ ಹೋಗಿ ಕೂತೆ. ಟ್ರಂಕಿನ ತಳದಿಂದ ಶಾಲೆಯ ದಾಖಲೆ ಬಂತು. ಹುಟ್ಟಿದ ಊರು ತೊರವಿ. ಹೆಸರಿನ ಮುಂದೆ ತಂದೆಯ ಹೆಸರು, ಅಡ್ಡಹೆಸರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಅಲ್ಲೇ ಕೂತು ತೊರವಿಯ ಹಳೇ ಪಟ್ಟಿ ತೆರೆದೆ. ಅವಳು ಚಹಾ ಕುದಿಸಿ ತರುವಷ್ಟರಲ್ಲಿ ತಂದೆ ಸಿಕ್ಕಿಬಿಟ್ಟ, ಹೆಸರು, ವಯಸ್ಸು, ಮನೆ ನಂಬರು ಎಲ್ಲ ಸರಿಯಾಗಿ. ಅವನ ಕೆಳಗಿನ ಸಾಲಿನಲ್ಲಿ ಹೆಂಡತಿ ಎಂದು ಬೇರೆ ಯಾರದೋ ಹೆಸರಿತ್ತು.

ಇದು ಹಾಕಲೇ ಎಂದು ಕೇಳಿದೆ. ಅವಳು ಕಪ್ಪು ಕೆಳಗಿಟ್ಟಳು.

"ಅದು ಸಾಲಿಯವ್ರು ಬರದದ್ರಿ. ಅಂವ ಇನ್ನೊಬ್ಬಾಕಿನ್ನ ತಂದ, ಯವ್ವ ನನ್ನ ಬಗಲಾಗ ಎತ್ತಿಕೊಂಡು ಸಾರವಾಡಕ್ಕ ಬಂದ್ಲು. ನನ್ನ ಮದಿವಿಗೂ ಬರಲಿಲ್ಲ, ಯವ್ವನ ಮಣ್ಣಿಗೂ ಬರಲಿಲ್ಲ. ಅವನ ಹೆಸರಿನ ಮ್ಯಾಲ ನನಗ ಓಟು ಬ್ಯಾಡ್ರಿ ಅಕ್ಕೋರ. ಯವ್ವನ್ನ ಹುಡುಕ್ರಿ."

ಹೆಸರು ಹೋದರೆ ಏನು ಮಾಡುತ್ತೀ ಎಂದೆ. ಹೋಗುವುದಿಲ್ಲ, ಯವ್ವ ಇದ್ದಾಳಲ್ಲ ಎಂದಳು. ಹುಡುಕುತ್ತೇನೆ ಎಂದು ಎದ್ದೆ.

ಮರುದಿನ ಸಂಜೆಯವರೆಗೆ ಇನ್ನೊಮ್ಮೆ ಓದಿದೆ. ಸಿಗಲಿಲ್ಲ. ಟಿಕೋಟಾದಿಂದ ವಿಜಯಪುರಕ್ಕೆ ಬರುವ ಬಸ್ಸಿನಲ್ಲಿ ಕೂತಿದ್ದೆ. ಮತ್ತೆ ಫೋನು ಬಂತು. ಈ ಸಲ ಅವರು ಬೈಯಲಿಲ್ಲ, ಕೈ ಮುಗಿಯುತ್ತೇನೆ ಮೇಡಂ ಎಂದರು. ಅವರ ಮೇಲೂ ಯಾರೋ ಕೂತು ಕುತ್ತಿಗೆ ಹಿಚುಕುತ್ತಿದ್ದರು. ನಾನು ಚೀಲದಿಂದ ಅವಳ ಅರ್ಜಿ ತೆಗೆದೆ. ಖಾಲಿ ಕಾಲಮಿನಲ್ಲಿ ನನ್ನದೇ ಅಕ್ಷರದಲ್ಲಿ ತಂದೆಯ ಹೆಸರು, ತೊರವಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದು, ಫೋಟೊ ಹೊಡೆದು ಏರಿಸಿದೆ. ಹೆಸರು ಹಸಿರಾಯಿತು. ಸುಳ್ಳನ್ನೇನೂ ಬರೆದಿಲ್ಲವಲ್ಲ, ಅವನು ಅವಳ ತಂದೆ ಹೌದಲ್ಲ, ಹೇಗೂ ಅವಳ ಹೆಸರು ಉಳಿಯಿತಲ್ಲ ಎಂದು ವಿಜಯಪುರ ಬರುವವರೆಗೂ ನನಗೆ ನಾನೇ ಹೇಳಿಕೊಂಡೆ. ಮನೆಗೆ ಬಂದವಳು ಊಟ ಮಾಡದೆ ಮಲಗಿದೆ.

ಎರಡು ದಿನದ ಮೇಲೆ ಸಾರವಾಡದಾಕಿ ಕೂಲಿಗೆ ಹೋಗದೆ ಶಾಲೆಗೇ ಬಂದಳು. ಪಟ್ಟಿ ಪೂರ್ತಿ ಹಸಿರಾಗಿದೆ ಎಂದು ಓಣಿಗೆ ಸುದ್ದಿ ಮುಟ್ಟಿತ್ತು. ಯವ್ವ ಸಿಕ್ಕಳೇನ್ರಿ ಎಂದು ಕೇಳಿದಳು. ನಿನ್ನದು ಹಸಿರಾಗಿದೆ ಎಂದೆ. ಅಷ್ಟೇ ಅಂದದ್ದು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, ಯವ್ವನ ಹೆಸರು ಇರುವ ಹಾಳೆಯದೊಂದು ಝೆರಾಕ್ಸ್ ಮಾಡಿಸಿಕೊಡಿರಿ, ಅವಳ ಹೆಸರು ಬರೆದ ಒಂದು ಚೀಟಿಯೂ ತನ್ನ ಹತ್ತಿರ ಇಲ್ಲ ಎಂದಳು. ಕೊಡುತ್ತೇನೆ ಎಂದೆ. ನಾಲ್ಕನೆಯ ತರಗತಿಗೆ ಹೋಗಿ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು.

ಮುಂದಿನ ಭಾನುವಾರ ಬಬಲೇಶ್ವರದ ಕಡೆ ಹೋಗುವ ಬಸ್ಸು ಹತ್ತಿ ಸಾರವಾಡದಲ್ಲಿ ಇಳಿದೆ. ಕಚೇರಿಗೆ ಈಗ ಅದರ ಅಗತ್ಯವಿರಲಿಲ್ಲ. ನನಗಿತ್ತು. ಮೊದಲೇ ಮಾಡಬೇಕಾದ ಕೆಲಸ ಅದು. ಮೊಬೈಲಿನಲ್ಲಿ ಪುಟ ತಿರುವಿದರೆ ಮುಗಿಯಿತು ಎಂದುಕೊಂಡ ಜಾಣೆ ನಾನು. ಕೇಳುತ್ತ ಹೋಗಿ ಅವಳ ಸೋದರಮಾವನ ಮನೆ ಮುಟ್ಟಿದೆ. ಮಾವ ತೀರಿಕೊಂಡಿದ್ದ. ಅವನ ಹೆಂಡತಿ, ವಯಸ್ಸಾದ ಗಟ್ಟಿ ಹೆಂಗಸು, ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಶಾಂತಾಬಾಯಿ ಬಗ್ಗೆ ಕೇಳಲು ಬಂದಿದ್ದೇನೆ ಎಂದೆ.

"ಶಾಂತಾಬಾಯಿ?" ಎಂದು ಅವಳು ಹುಬ್ಬು ಗಂಟಿಕ್ಕಿದಳು. ಆಮೇಲೆ ನೆನಪಾಯಿತು. "ಅದು ಗಂಡನ ಮನ್ಯಾಗ ಇಟ್ಟ ಹೆಸರು ನಮ್ಮವ್ವಾ. ಹೊಳ್ಳಿ ಬಂದ ದಿನಾನ ನಮ್ಮ ಮಾವ, ಆಕಿ ಅಪ್ಪ, ಅಂದ, ಆ ಮನಿ ಬಿಟ್ಟ ಮ್ಯಾಲ ಆ ಹೆಸರೂ ಬಿಡು ಅಂತ. ಸಣ್ಣವ್ರೆಲ್ಲಾ ಅಕ್ಕವ್ವ, ಅಕ್ಕವ್ವ ಅಂತಿದ್ರು. ಪಟ್ಟಿ ಬರಿಯಾಕ ಬಂದವ್ರಿಗಿ ಅಂವ ತಾನ ಹೇಳಿ ಬರಸಿದ. ಚಂದ್ರವ್ವ, ನನ್ನ ಮಗಳು ಅಂತ."

ಅಲ್ಲೇ ಅಂಗಳದಲ್ಲಿ ಕೂತು ಮೊಬೈಲು ತೆಗೆದೆ. ಚಂದ್ರವ್ವ. ಮುಂದಿನ ಕಾಲಮಿನಲ್ಲಿ ಗಂಡ ಅಲ್ಲ, ತಂದೆ, ಆ ಮುದುಕನ ಹೆಸರು. ಮನೆ ನಂಬರು ಸೋದರಮಾವನದೇ. ಆ ಸಾಲಿನ ಮೇಲೆ ನನ್ನ ಬೆರಳು ಮೂರು ಸಲವಾದರೂ ಹಾದುಹೋಗಿತ್ತು. ಊರ ಸೊಸೆಯರನ್ನೆಲ್ಲ ತವರಿನ ಹೆಸರಿನಿಂದ ಹುಡುಕಿ ತೆಗೆದವಳಿಗೆ, ಹೊಳ್ಳಿ ಬಂದವಳು ತವರಿನ ಹೆಸರನ್ನೂ ಹೊಳ್ಳಿ ತೆಗೆದುಕೊಂಡಿರಬಹುದು ಎಂದು ಹೊಳೆಯಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಆ ಹೆಂಗಸು ಏನಾಯಿತು ಯವ್ವಾ ಎಂದು ನೀರು ತಂದುಕೊಟ್ಟಳು.

ವಿಜಯಪುರಕ್ಕೆ ಬಂದು ಆ ಪುಟದ ಪ್ರಿಂಟು ತೆಗೆಸಿದೆ. ಅದನ್ನಷ್ಟೇ ಕೊಟ್ಟು ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಹೊಸ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಗಂಡನ ಹೆಸರಷ್ಟೇ ಇರುತ್ತದೆ. ಜೋಡಣೆ ಯಾರ ಮೂಲಕ ಆಯಿತೆಂಬುದು ಕಚೇರಿಯ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಅದನ್ನು ಅವಳು ಎಂದೂ ನೋಡುವುದಿಲ್ಲ. ಹಾಗೆಯೇ ಮಾಡುವುದೆಂದು ಗಟ್ಟಿ ಮನಸ್ಸು ಮಾಡಿಯೇ ಮರುದಿನ ಶಾಲೆ ಬಿಟ್ಟ ಮೇಲೆ ಅವಳು ಕೆಲಸ ಮಾಡುವ ತೋಟಕ್ಕೆ ಹೋದೆ.

ಸಾಲಿನ ನಡುವೆ ಕತ್ತರಿ ಹಿಡಿದು ನಿಂತಿದ್ದಳು. ಹಾಳೆ ಕೈಗೆ ಕೊಟ್ಟು ಸಾಲು ತೋರಿಸಿದೆ. ನಾಲ್ಕನೇ ಇಯತ್ತೆ ಕಲಿತವಳು, ಬೆರಳಿಟ್ಟು ಕೂಡಿಸಿ ಓದಿದಳು. ಇದು ಯಾರು ಎಂದು ಕೇಳಿದಳು. ನಿಮ್ಮ ಯವ್ವ ಎಂದು, ಸಾರವಾಡದ ಅತ್ತೆ, ಅಂದರೆ ಅವಳ ಸೋದರಮಾವನ ಹೆಂಡತಿ, ಹೇಳಿದ್ದನ್ನೆಲ್ಲ ಹೇಳಿದೆ. ಚಂದ್ರವ್ವ, ಚಂದ್ರವ್ವ ಎಂದು ಎರಡು ಸಲ ಮೆಲ್ಲಗೆ ಅಂದುಕೊಂಡಳು. ಅವಳ ಮುಖ ನೋಡಿದ ಮೇಲೆ ನನಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. ಅರ್ಜಿಯಲ್ಲಿ ನಾನು ಬರೆದದ್ದು ಈ ಹೆಸರಲ್ಲ, ತೊರವಿಯವನದು ಎಂದು ಹೇಳಿಬಿಟ್ಟೆ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. ನನ್ನ ಕಡೆ ನೋಡದೆ, "ತಗಸ್ರಿ ಅದನ್ನ" ಎಂದಳು. ಮತ್ತೆ ಕತ್ತರಿ ಆಡತೊಡಗಿತು.

ತಗಸ್ರಿ ಎಂದಷ್ಟು ಸುಲಭವಿರಲಿಲ್ಲ. ಹಸಿರಾದದ್ದನ್ನು ನಾನಾಗಿ ಬದಲಿಸಲು ಬರುವುದಿಲ್ಲ. ಆಕ್ಷೇಪಣೆಗೆ ಕೊಟ್ಟ ಅವಧಿ ಇನ್ನೂ ನಡೆದಿತ್ತು. ಅಷ್ಟರೊಳಗೆ ಜೋಡಣೆ ತಪ್ಪಾಗಿದೆ ಎಂದು ನಾನೇ ಬರೆದುಕೊಡಬೇಕು, ಆಗ ಹೆಸರು ವಿಚಾರಣೆಗೆ ಹೋಗುತ್ತದೆ. ಮೇಲ್ವಿಚಾರಕರು ನನಗೆ ತಲೆ ಕೆಟ್ಟಿದೆ ಎಂದರು. ವಿಚಾರಣೆಯಲ್ಲಿ ತಾಯಿಯನ್ನು ಒಪ್ಪದಿದ್ದರೆ ಆ ಹೆಣ್ಣುಮಗಳ ಹೆಸರು ಹೋಗುತ್ತದೆ, ನಿಮ್ಮ ಮೇಲೂ ಕ್ರಮ ಬರುತ್ತದೆ, ಸುಮ್ಮನಿರಿ ಎಂದರು. ಅವರು ಹೇಳಿದ್ದು ಎರಡೂ ನಿಜ. ಮೊದಲನೆಯದನ್ನು ಅವಳ ಮನೆಗೆ ಹೋಗಿ, ಗಂಡನ ಎದುರೇ ಬಿಡಿಸಿ ಹೇಳಿದೆ. ಗಂಡ ಅವಳ ಮುಖ ನೋಡಿದ. ನಿನ್ನ ಇಷ್ಟ ಎಂದ. ಅವಳು ಬರೀರಿ ಎಂದಳು. ಶಾಲೆಯ ಹಾಳೆಯ ಮೇಲೆ, ಅರ್ಜಿದಾರರ ಒಪ್ಪಿಗೆ ಇಲ್ಲದೆ ಖಾಲಿ ಕಾಲಂ ನಾನೇ ತುಂಬಿದೆ ಎಂದು ಬರೆದು ಸಹಿ ಹಾಕಿದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅಂಥ ಕಾಗದ ಬರೆದದ್ದು ಅದೇ ಮೊದಲು, ಅಕ್ಷರ ಸೊಟ್ಟಗೆ ಬಂದವು.

ವಿಚಾರಣೆ ಟಿಕೋಟಾದಲ್ಲಿ. ಹೊರಗೆ ಜಗಲಿಯ ಮೇಲೆ ಜನವೋ ಜನ, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲ, ಅದರೊಳಗೆ ಇದ್ದಬದ್ದ ಕಾಗದ. ಸಾರವಾಡದಿಂದ ಅತ್ತೆಯೂ ಬಂದಿದ್ದಳು. ನಮ್ಮ ಸರದಿ ಬಂದಾಗ ಮಧ್ಯಾಹ್ನವಾಗಿತ್ತು. ಅಧಿಕಾರಿ ನನ್ನ ಹೇಳಿಕೆ ಓದಿ, ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಸರಿಯಾಗಿ ಕೂಡೇತಿ. ತಂದಿನ ಹೌದು ಅಂತೀರಿ. ಮತ್ಯಾಕ ಕೆದರಾಕತ್ತೀರಿ?"

ನಾನು ಹೇಳಬೇಕಾದ್ದನ್ನು ಹೇಳಿದೆ. ಅತ್ತೆಯೂ ಹೇಳಿದಳು. ಅಧಿಕಾರಿ ಕೆಟ್ಟವರಲ್ಲ, ದಣಿದಿದ್ದರು. ಶಾಂತಾಬಾಯಿ, ಚಂದ್ರವ್ವ ಇಬ್ಬರೂ ಒಬ್ಬಳೇ ಎನ್ನುವ ಒಂದು ಕಾಗದ ತೋರಿಸಿದರೆ ಈಗಲೇ ಬರೆಯುತ್ತೇನೆ ಎಂದರು. ಅಂಥ ಕಾಗದ ಇರಲಿಲ್ಲ. ಅಕ್ಕಿಯ ಮೇಲೆ ಬರೆದು ಬದಲಿಸಿದ ಹೆಸರಿಗೆ ಯಾರು ದಾಖಲೆ ಇಡುತ್ತಾರೆ? ಹಾಗಾದರೆ ಇದ್ದದ್ದು ಇದ್ದಂತೆ ಬಿಡೋಣ, ಇಲ್ಲವಾದರೆ ನಿನ್ನ ಹೆಸರು ತೆಗೆಯಬೇಕಾಗುತ್ತದೆ, ಯೋಚನೆ ಮಾಡಿ ಹೇಳು ತಾಯಿ ಎಂದು ಅವಳಿಗೆ ಹೇಳಿದರು. ಬಿಡ್ರಿ, ಇರಲಿ ಅಂತ ಒಂದು ಮಾತು ಅಂದುಬಿಡು ಎಂದು ಮನಸ್ಸಿನಲ್ಲೇ ಅವಳಿಗೆ ಕೈ ಮುಗಿಯುತ್ತಿದ್ದೆ. ಅವಳ ಹೆಸರು ನನ್ನಿಂದಾಗಿ ಹೋದರೆ ಆ ಓಣಿಗೆ ಯಾವ ಮುಖ ಇಟ್ಟುಕೊಂಡು ಹೋಗಲಿ?

ಅವಳು ಕುಪ್ಪಸದಿಂದ ಆ ಹಾಳೆ ತೆಗೆದು, ಮಡಿಕೆ ಬಿಡಿಸಿ, ಮೇಜಿನ ಮೇಲೆ ಅಂಗೈಯಿಂದ ನೇರ ಮಾಡಿದಳು.

"ಈ ಚಂದ್ರವ್ವಗ ಓಟು ಇತ್ತು ಅಂತ ನಿಮ್ಮ ಪಟ್ಟಿನ ಹೇಳತೈತಿ. ನಾ ಆಕಿ ಮಗಳಲ್ಲ ಅಂತ ನೀವ ಒಂದ ಚೀಟ್ಯಾಗ ಬರದು, ಸಹಿ ಮಾಡಿ ಕೊಡ್ರಿ ಸಾಹೇಬ್ರ. ತಗೊಂಡು ಹೊಕ್ಕೇನಿ."

ದನಿ ಏರಿಸಲಿಲ್ಲ. ಅಧಿಕಾರಿ ಪೆನ್ನು ಕೆಳಗಿಟ್ಟು, ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಓದಿದರು. ಆಮೇಲೆ ನನ್ನ ಕಡೆ ತಿರುಗಿ, ನೀವೇ ಊರಿಗೆ ಹೋಗಿ ವಿಚಾರಿಸಿದ್ದೀರೇನು, ಅದಕ್ಕೆ ನೀವು ಹೊಣೆಯೇನು ಎಂದು ಕೇಳಿದರು. ಹೌದು ಎಂದೆ. ಹಾಗಾದರೆ ಅದನ್ನೂ ಬರೆದುಕೊಡಿ ಎಂದರು. ಅತ್ತೆಯ ಹೇಳಿಕೆ ಬರೆಸಿಕೊಂಡು ಹೆಬ್ಬೆಟ್ಟು ಒತ್ತಿಸಿದರು. ಮನೆ ನಂಬರು ಒಂದೇ ಎಂಬುದನ್ನು ಗುರುತು ಹಾಕಿಕೊಂಡರು. ಸ್ಥಳ ವಿಚಾರಣೆ ಮತ್ತು ಸಾಕ್ಷಿಯ ಆಧಾರದ ಮೇಲೆ ತಾಯಿಯ ಮೂಲಕ ಒಪ್ಪಲಾಗಿದೆ ಎಂದು ಎರಡು ಸಾಲು ಬರೆದು ಸಹಿ ಮಾಡಿದರು. ಕೆಳಗೆ ಮೂರನೆಯ ಸಾಲೂ ಇತ್ತು: ಮತಗಟ್ಟೆ ಅಧಿಕಾರಿಗೆ ಕಾರಣ ಕೇಳಿ ನೋಟಿಸು ನೀಡುವುದು. ಆ ನೋಟಿಸು ನನಗೆ ಅಲ್ಲೇ ಸಿಕ್ಕಿತು, ಸಹಿ ಮಾಡಿ ತೆಗೆದುಕೊಂಡೆ. ನಿಜ ಹೇಳಬೇಕೆಂದರೆ ಅದು ಕೈಗೆ ಬಂದಾಗ ನನಗೆ ಸಮಾಧಾನವೇ ಆಯಿತು. ಇಷ್ಟಕ್ಕೆ ಮುಗಿಯಿತು ಎಂದುಕೊಂಡೆ.

ಮೂವರೂ ಬಸ್ ನಿಲ್ದಾಣಕ್ಕೆ ನಡೆದೆವು. ಅತ್ತೆ ನನ್ನ ಕೈ ಹಿಡಿದು ದೊಡ್ಡ ಉಪಕಾರ ಮಾಡಿದಿರಿ ಎಂದು ಹೇಳುತ್ತಲೇ ಇದ್ದಳು. ಅವಳ ಬಸ್ಸು ಮೊದಲು ಬಂತು, ಹತ್ತಿಸಿ ಕಳಿಸಿದೆವು. ಆಮೇಲೆ ನಾವಿಬ್ಬರೇ ಉಳಿದೆವು. ತಪ್ಪಾಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ, ಕಡೆಗೆ ಎಲ್ಲ ಸರಿಯಾಯಿತಲ್ಲ ಎಂದೆ.

ಅವತ್ತು ತೋಟದಲ್ಲಿ ನನ್ನ ಕಡೆ ನೋಡದವಳು ಈಗ ನನ್ನನ್ನು ನೇರವಾಗಿ ನೋಡಿದಳು. ಸಿಟ್ಟಿನಿಂದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವಂತೆ ಕೇಳಿದಳು.

"ಅವನ ಹೆಸರು ಹಾಕ್ಲೇನ ಅಂತ ನೀವು ಕೇಳಿದ್ರಿ. ನಾ ಬ್ಯಾಡ ಅಂದ್ನಿ. ಹಂಗ ಮಾಡೂದ ಇತ್ತಂದ್ರ, ನನ್ನ ಕೇಳಿದ್ದ್ಯಾಕ್ರಿ ಅಕ್ಕೋರ?"

ಘೋಣಸಗಿಯ ಬಸ್ಸು ಬಂತು. ಅವಳು ಹತ್ತಿ ಹೋದಳು.